ಗೋರಿಕಲ್ಲು ಸಾಕ್ಷಿ ಹೇಳಿದ ದಾವೆ

ದತ್ತಿ ಶಾಸನಗಳನ್ನು ಓದುತ್ತಾ ಹೋದರೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಪಾಠ ಕೈಗೆ ಬಂದ ಕೂಡಲೇ ಕಣ್ಣು ಕೊನೆಯ ಸಾಲುಗಳಿಗೆ ಓಡುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು ಮತ್ತರು, ಮೂಡಣ ಎಲ್ಲೆ ಎಲ್ಲಿ, ಪಡುವಣ ಎಲ್ಲೆ ಎಲ್ಲಿ ಎಂಬುದೆಲ್ಲ ಮುಗಿದ ಮೇಲೆ ಶಾಪ ಬರುತ್ತದೆ. ಈ ಧರ್ಮವನ್ನು ಅಳಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ. ತಾವು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಿತ್ತುಕೊಂಡವರಿಗೆ ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಿನ ಜನ್ಮ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನವೂ ದಾನವನ್ನು ಅಳಿದವರಿಗೆ ಮಹಾಪಾಪ ತಟ್ಟುತ್ತದೆ ಎಂದೇ ಎಚ್ಚರಿಸುತ್ತದೆ. ನಮಗೆ ಸಿಕ್ಕಿರುವ ಕನ್ನಡ ಬರಹದ ಆರಂಭದಲ್ಲೇ ಒಂದು ಭೂದಾನವಿದೆ, ಅದನ್ನು ಯಾರಾದರೂ ಕಿತ್ತುಕೊಂಡಾರು ಎಂಬ ಭಯವೂ ಇದೆ.

ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯ ಈ ಶಾಪಾಶಯಗಳ ಭಾಷೆಯನ್ನು ಕುರಿತದ್ದು. ಅದರ ಕರಡು ಓದಿದ ಮಾರ್ಗದರ್ಶಕರು, "ಶಾಪ ಅಂದರೆ ಕೋರ್ಟು ಇಲ್ಲದ ಕಾಲದ ತಡೆಯಾಜ್ಞೆ. ಕೋರ್ಟು ಇದ್ದ ಕಡೆ ಕೊಟ್ಟ ಭೂಮಿಯನ್ನು ಯಾವ ಮಾತಿನಿಂದ ಕಾಯ್ದರು ಅಂತ ನೋಡಿದ್ದೀಯಾ?" ಎಂದು ಕೇಳಿದರು. ನೋಡಿರಲಿಲ್ಲ. ಹಾಗೆ ಹುಡುಕಲು ಹೊರಟಾಗ ಸಿಕ್ಕಿದ್ದು ಅಮೆರಿಕದ ಸುಪ್ರೀಂ ಕೋರ್ಟು 1829ರಲ್ಲಿ ಕೊಟ್ಟ ಒಂದು ತೀರ್ಪು, 'ಬೀಟಿ ವಿರುದ್ಧ ಕರ್ಟ್ಜ್'. ಚರ್ಚಿಗೆಂದು ಬಿಟ್ಟುಕೊಟ್ಟ ಒಂದು ತುಂಡು ನೆಲ ಯಾರದು ಎಂಬುದು ಅಲ್ಲಿನ ಪ್ರಶ್ನೆ. ಅದನ್ನು ಕಾನೂನಿನ ಕಣ್ಣಿನಿಂದ ಓದುವ ಯೋಗ್ಯತೆ ನನಗಿಲ್ಲ. ಒಂದು ಗದ್ಯಕೃತಿಯಾಗಿ ಓದಿದೆ. ಹಾಗೆ ಓದಿದ್ದಕ್ಕೆ ನಮ್ಮೂರಿನದೊಂದು ಕಾರಣವೂ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

*

ಪೊಟೊಮ್ಯಾಕ್ ನದಿಯ ದಡದ ಜಾರ್ಜ್‌ಟೌನ್ 1769ರಲ್ಲಿ ಮೇರಿಲ್ಯಾಂಡಿಗೆ ಸೇರಿದ ಊರು. ಅದು ರಾಜಧಾನಿ ವಾಷಿಂಗ್ಟನ್ನಿನ ಭಾಗವಾದದ್ದು ಆಮೇಲೆ. ಚಾರ್ಲ್ಸ್ ಬೀಟಿ ಮತ್ತು ಹಾಕಿನ್ಸ್ ಎಂಬ ಇಬ್ಬರು ಆ ವರ್ಷ ಊರಿಗೆ ಹೊಸ ಬಡಾವಣೆಯೊಂದನ್ನು ಸೇರಿಸಿದರು. ನಿವೇಶನಗಳ ನಕ್ಷೆ ಬರೆಸಿದಾಗ ಅದರಲ್ಲಿ ಒಂದರ ಮೇಲೆ, ಇದು ಲುಥೆರನ್ ಚರ್ಚಿಗೆ ಎಂದು ಗುರುತು ಹಾಕಿಸಿದರು. ದಾನಪತ್ರ ಎಂದು ಕರೆಯಬಹುದಾದದ್ದು ಇದ್ದರೆ ಅದು ಅಷ್ಟೇ, ನಕ್ಷೆಯ ಮೇಲಿನ ಮೂರು ನಾಲ್ಕು ಪದ.

ಆ ಊರಿನ ಜರ್ಮನ್ ಲುಥೆರನ್ನರಿಗೆ ಅಷ್ಟೇ ಸಾಕಾಯಿತು. ಅವರು ನಿವೇಶನಕ್ಕೆ ಬೇಲಿ ಹಾಕಿದರು, ಮರದ ದಿಮ್ಮಿಗಳಿಂದ ಒಂದು ಮನೆ ಕಟ್ಟಿದರು. ಪ್ರಾರ್ಥನೆ ಅಲ್ಲೇ, ಮಕ್ಕಳ ಶಾಲೆಯೂ ಅಲ್ಲೇ. ಸತ್ತವರನ್ನು ಅದರ ಸುತ್ತ ಹೂಳಿದರು. ವರ್ಷಗಳು ಕಳೆದಂತೆ ಮನೆ ಲಡ್ಡಾಗಿ ಬಿದ್ದುಹೋಯಿತು. ಆದರೆ ಹೂಳುವುದು ನಿಲ್ಲಲಿಲ್ಲ. ಹೀಗೆ ಐವತ್ತು ವರ್ಷ ಕಳೆಯಿತು. ಬೀಟಿ ಬದುಕಿದ್ದಷ್ಟು ಕಾಲ ತಕರಾರು ಮಾಡಲಿಲ್ಲ, ಪತ್ರವನ್ನೂ ಬರೆದುಕೊಡಲಿಲ್ಲ. ಅವನು ತೀರಿಕೊಂಡ ಮೇಲೆ ಮಗ ವಾರಸುದಾರನಾದ. ಒಂದು ದಿನ ಪ್ರತಿವಾದಿಗಳ ಕಡೆಯವರು ಸ್ಮಶಾನಕ್ಕೆ ನುಗ್ಗಿ ಕೆಲವು ಗೋರಿಕಲ್ಲುಗಳನ್ನು ಕಿತ್ತು ಹಾಕಿದರು. ಕರ್ಟ್ಜ್ ಮತ್ತು ಇನ್ನು ಕೆಲವರು ಸಭೆಯ ಪರವಾಗಿ ಕೋರ್ಟಿಗೆ ಹೋದರು.

ಈ ಕಥೆಗೆ ಅಮೆರಿಕವೇ ಬೇಕೆಂದಿಲ್ಲ. ಅಜ್ಜ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗಕ್ಕೆ ಮೊಮ್ಮಗ ಬಂದು ಕಾಗದ ತೋರಿಸಿ ಅನ್ನುವುದು ನಮ್ಮಲ್ಲಿ ಯಾವ ಊರಿನಲ್ಲಿ ನಡೆದಿಲ್ಲ? ಈಗಂತೂ ಜಾಗದ ಬೆಲೆ ಏರಿದಲ್ಲೆಲ್ಲ ಹಿರಿಯರ ಧಾರಾಳತನ ಕಿರಿಯರಿಗೆ ನಷ್ಟದ ಲೆಕ್ಕವಾಗಿ ಕಾಣುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಸಭೆಯ ದಾವೆ ತೂತುಗಳ ಮಡಕೆ. ದಾನಕ್ಕೆ ಪತ್ರವಿಲ್ಲ. ಅದಕ್ಕಿಂತ ದೊಡ್ಡ ತೊಡಕು, ದಾನ ಪಡೆದವರು ಯಾರು ಎಂಬುದೇ ಗೊತ್ತಿಲ್ಲ. 'ಲುಥೆರನ್ ಚರ್ಚ್' ಎಂಬುದು ನೋಂದಾಯಿತ ಸಂಸ್ಥೆಯಾಗಿರಲಿಲ್ಲ, ಒಟ್ಟಿಗೆ ಪ್ರಾರ್ಥಿಸುವ ಒಂದಷ್ಟು ಜನರ ಗುಂಪು. ಅಂಥ ಗುಂಪಿಗೆ ಭೂಮಿಯನ್ನು ಹೊಂದುವ ಕೈಯೇ ಇಲ್ಲ ಎನ್ನುತ್ತದೆ ಕಾನೂನು. ಹಾಗಿದ್ದರೆ ದಾವೆ ಹೂಡಲು ಇವರು ಯಾರು ಎಂಬುದು ಪ್ರತಿವಾದಿಗಳ ಪ್ರಶ್ನೆ.

ತೀರ್ಪು ಬರೆದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಈ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತಾನೆ. 1776ರ ಮೇರಿಲ್ಯಾಂಡ್ ಹಕ್ಕುಗಳ ಘೋಷಣೆಯಲ್ಲಿ ಒಂದು ನಿಯಮವಿತ್ತು. ಶಾಸನಸಭೆಯ ಒಪ್ಪಿಗೆಯಿಲ್ಲದೆ ಧಾರ್ಮಿಕ ಪಂಥಗಳಿಗೆ ಭೂಮಿಯನ್ನು ಕೊಡುವಂತಿಲ್ಲ. ಆದರೆ ಪ್ರಾರ್ಥನಾ ಮಂದಿರಕ್ಕೆ, ಸ್ಮಶಾನಕ್ಕೆ ಎರಡು ಎಕರೆ ಮೀರದಂತೆ ಕೊಡಬಹುದು. ಸ್ಟೋರಿ ಈ ವಿನಾಯಿತಿಯನ್ನು ಹಿಡಿದುಕೊಳ್ಳುತ್ತಾನೆ. ಕಾನೂನೇ ಇಂಥ ದಾನವನ್ನು ಮನ್ನಿಸಿದೆ ಎಂದ ಮೇಲೆ ಪಡೆಯುವ ಕೈ ಇಲ್ಲ ಎಂದು ದಾನವನ್ನು ಬೀಳಿಸಲು ಬರುವುದಿಲ್ಲ. ಇದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದ ಸ್ವತ್ತಲ್ಲ, ಒಂದು ಉದ್ದೇಶಕ್ಕೆ ಮುಡಿಪಿಟ್ಟ ನೆಲ. ಸಭೆಯ ಕೆಲವರು ಎಲ್ಲರ ಪರವಾಗಿ ದಾವೆ ಹೂಡಬಹುದು. ಮಗನ ಹೆಸರಿನಲ್ಲಿ ಹಕ್ಕು ಉಳಿದಿದ್ದರೂ ಆ ಹಕ್ಕು ಈ ಮುಡಿಪನ್ನು ಮುರಿಯಲಾರದು.

ಇದೇ ಸ್ಟೋರಿ 1815ರಲ್ಲಿ ಪಾಲೆಟ್ ಎಂಬ ವರ್ಮಾಂಟ್ ಊರಿನ ದಾವೆಯಲ್ಲೂ ಇಂಥ ಪ್ರಶ್ನೆ ಎದುರಿಸಿದ್ದ. ಅಲ್ಲಿ 1761ರ ಸನ್ನದಿನಲ್ಲಿ ಇಂಗ್ಲೆಂಡಿನ ಚರ್ಚಿಗೆಂದು ಒಂದು ಪಾಲು ಬಿಡಲಾಗಿತ್ತು. ಆದರೆ ಊರಿನಲ್ಲಿ ಅಂಥ ಚರ್ಚೇ ಇರಲಿಲ್ಲ. ಆ ಸಲ ಭೂಮಿ ಊರಿನವರಿಗೆ ಉಳಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಪಾಲೆಟ್ಟಿನಲ್ಲಿ ಕಾಗದವಿತ್ತು, ಜನ ಇರಲಿಲ್ಲ. ಜಾರ್ಜ್‌ಟೌನಿನಲ್ಲಿ ಜನರಿದ್ದರು, ಅವರ ಹೆಣಗಳಿದ್ದವು, ಕಾಗದ ಇರಲಿಲ್ಲ.

*

ಇಷ್ಟಾದರೆ ಇದೊಂದು ಜಾಣ ತೀರ್ಪು ಅಷ್ಟೇ ಆಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಭಾಗ, ಶಾಸನದಲ್ಲಿ ಶಾಪ ಬರುವ ಜಾಗ.

ಅಲ್ಲಿಯವರೆಗೆ ನಿಯಮ, ವಿನಾಯಿತಿ, ಹಿಂದಿನ ತೀರ್ಪು ಎಂದು ನಿಧಾನವಾಗಿ ಹೆಜ್ಜೆ ಇಡುತ್ತಿದ್ದ ಗದ್ಯ ಇದ್ದಕ್ಕಿದ್ದಂತೆ ಉಸಿರು ಎಳೆದುಕೊಂಡು ಉದ್ದದ ಒಂದು ವಾಕ್ಯವಾಗುತ್ತದೆ. ಸತ್ತವರ ಗೋರಿಗಳು ಭಂಗಗೊಳ್ಳಲಿವೆ, ಬಂಧುಗಳ ಮನಸ್ಸು ನೋಯಲಿದೆ, ಪ್ರೀತಿಯಿಂದ ನಿಲ್ಲಿಸಿದ ಕಲ್ಲುಗಳು ಕಿತ್ತುಹೋಗಲಿವೆ, ಮುಂದಿನ ತಲೆಮಾರಿನವರು ಬಂದು ನೋಡಿದರೆ ಹಿರಿಯರ ಕೊನೆಯ ಮನೆಯ ಗುರುತೂ ಸಿಗದಂತಾಗಲಿದೆ ಎಂದು ಸ್ಟೋರಿ ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತಾನೆ. ಇಂಥದ್ದಕ್ಕೆ ಸಾಮಾನ್ಯ ಕಾನೂನಿನ ಪರಿಹಾರ ಸಾಲದು, ಸತ್ತವರ ಬೂದಿಯ ನೆಮ್ಮದಿಯನ್ನೂ ಬದುಕಿರುವವರ ಭಾವನೆಯನ್ನೂ ಕಾಯುವ ತಡೆಯಾಜ್ಞೆ ಬೇಕು ಎಂಬುದು ಅವನ ತೀರ್ಮಾನದ ಸಾರ.

ಇಲ್ಲಿ ತರ್ಕ ಏನು ಮಾಡುತ್ತಿದೆ ಗಮನಿಸಿ. ಅತಿಕ್ರಮಣಕ್ಕೆ ಕಾನೂನಿನಲ್ಲಿ ಸಾಮಾನ್ಯ ಪರಿಹಾರ ನಷ್ಟಭರ್ತಿ. ಬೇಲಿ ಮುರಿದರೆ ಬೇಲಿಯ ಬೆಲೆ, ಫಸಲು ಹಾಳಾದರೆ ಫಸಲಿನ ಬೆಲೆ. ಗೋರಿಕಲ್ಲಿಗೆ ಎಷ್ಟು? ಬೆಲೆ ಕಟ್ಟಲಾಗದ್ದನ್ನು ಆಗುವ ಮೊದಲೇ ತಡೆಯಬೇಕು. ಆದ್ದರಿಂದ ಸ್ಟೋರಿಯ ಭಾವುಕತೆ ತೀರ್ಪಿನ ತುದಿಗೆ ಅಂಟಿಸಿದ ಹೂವಲ್ಲ. ಪರಿಹಾರದ ಬಗೆಯನ್ನು ನಿರ್ಧರಿಸುವ ಭಾರ ಆ ವಾಕ್ಯದ ಮೇಲೇ ಬಿದ್ದಿದೆ. ನೋವಿನ ವಿವರಗಳನ್ನು ತೆಗೆದುಹಾಕಿದರೆ ತಡೆಯಾಜ್ಞೆಗೆ ಕಾರಣ ಕಡಿಮೆಯಾಗುತ್ತದೆ.

ನಮ್ಮ ಶಾಪಾಶಯವೂ ಇದನ್ನೇ ಬೇರೆ ಬಗೆಯಲ್ಲಿ ಮಾಡುತ್ತದೆ. ಗದ್ದೆಯ ಅಳತೆಗೆ ಒಂದು ಭಾಷೆ, ಅದನ್ನು ಕಾಯಲು ಇನ್ನೊಂದು ಭಾಷೆ. ಎಷ್ಟೋ ಕಡೆ ಅಳತೆ ಕನ್ನಡ ಗದ್ಯದಲ್ಲಿರುತ್ತದೆ, ಶಾಪ ಸಂಸ್ಕೃತ ಶ್ಲೋಕಕ್ಕೆ ಜಿಗಿಯುತ್ತದೆ. ಚಂದ್ರ ಸೂರ್ಯರಿರುವವರೆಗೆ ಎಂಬ ಮಾತನ್ನು ಕೋರ್ಟು 'ಶಾಶ್ವತ' ಎಂಬ ವಿಶೇಷಣದಲ್ಲಿ ಹೇಳುತ್ತದೆ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ನಂಬಿಕೆ ಇದೆ: ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಕಾಯುವುದು ದೊಡ್ಡದು. ಕೊಟ್ಟವನಿಗೆ ಒಂದು ದಿನದ ಕೆಲಸ. ಕಾಯುವುದು ತಲೆಮಾರುಗಳ ಕೆಲಸ. ಜಾರ್ಜ್‌ಟೌನಿನ ದಾವೆಯಲ್ಲಿ ತಂದೆ ಕೊಟ್ಟ, ಮಗ ಕಾಯಲಿಲ್ಲ, ಆ ಕೆಲಸವನ್ನು ಕೋರ್ಟು ಮಾಡಿತು. ಆ ಜಾಗದಲ್ಲಿ ಇವತ್ತಿಗೂ ಲುಥೆರನ್ ಚರ್ಚಿದೆ.

*

ಇಂಥ ಗದ್ಯ ಬರೆದವನು ಎಂಥವನು ಎಂದು ಕುತೂಹಲವಾಯಿತು. ಸ್ಟೋರಿ 1811ರಲ್ಲಿ, 32ನೇ ವಯಸ್ಸಿಗೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವನು. ಅದಕ್ಕೆ ಮೊದಲು ಕವಿಯಾಗಲು ಹೊರಟಿದ್ದ. 'ದಿ ಪವರ್ ಆಫ್ ಸಾಲಿಟ್ಯೂಡ್' ಎಂಬ ದೀರ್ಘ ಕವಿತೆಯನ್ನು ಅಚ್ಚು ಹಾಕಿಸಿ, ಆಮೇಲೆ ನಾಚಿಕೆಯಾಗಿ, ಸಿಕ್ಕಷ್ಟು ಪ್ರತಿಗಳನ್ನು ಕೊಂಡು ನಾಶ ಮಾಡಿದ. ಆದರೆ ಬಿಟ್ಟ ಕಾವ್ಯ ತೀರ್ಪಿನ ಗದ್ಯದೊಳಗೆ ಬಂದು ಕೂತಿತು.

ಮಕ್ಕಳನ್ನು ಕಳೆದುಕೊಂಡ ತಂದೆ ಅವನು. 1831ರ ಮೇ ತಿಂಗಳಲ್ಲಿ ಹತ್ತು ವರ್ಷದ ಮಗಳು ಲೂಯಿಸಾ ತೀರಿಕೊಂಡಳು. ಅದೇ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್ಜಿನ ಮೌಂಟ್ ಆಬರ್ನ್ ಎಂಬ ಹೊಸ ಸ್ಮಶಾನದ ಪ್ರತಿಷ್ಠಾಪನೆಯ ಭಾಷಣ ಮಾಡಿದವನು ಅವನೇ. 1845ರಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದೂ ಅಲ್ಲೇ. ಮಗ ವಿಲಿಯಂ ವೆಟ್‌ಮೋರ್ ಸ್ಟೋರಿ ವಕೀಲಿಕೆ ಬಿಟ್ಟು ಶಿಲ್ಪಿಯಾದ. ರೋಮಿನ ಪ್ರಾಟೆಸ್ಟಂಟ್ ಸ್ಮಶಾನದಲ್ಲಿ ಹೆಂಡತಿಯ ಗೋರಿಯ ಮೇಲೆ ಅವನು ಕೆತ್ತಿ ನಿಲ್ಲಿಸಿದ, ಕಲ್ಲಿನ ಮೇಲೆ ಕುಸಿದು ಬಿದ್ದು ಅಳುವ ದೇವತೆಯ ಶಿಲ್ಪದ ಚಿತ್ರವನ್ನು ಎಷ್ಟೋ ಜನ ಕೆತ್ತಿದವನ ಹೆಸರು ಗೊತ್ತಿಲ್ಲದೆಯೇ ನೋಡಿದ್ದಾರೆ. ಗೋರಿಕಲ್ಲು ಎಂದರೆ ಏನು ಎಂಬುದು ಆ ಮನೆಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಸ್ಟೋರಿಯ ಇತರ ಬರಹಗಳನ್ನು ಓದುತ್ತಿದ್ದಾಗ ಇನ್ನೊಂದು ಪಠ್ಯ ಎದುರಾಯಿತು. ಅದನ್ನು ಓದಿದ ಮೇಲೆ ಈ ತೀರ್ಪನ್ನು ಮೊದಲಿನಂತೆ ಓದಲು ನನಗೆ ಆಗಲಿಲ್ಲ.

*

1828ರ ಸೆಪ್ಟೆಂಬರಿನಲ್ಲಿ, ಅಂದರೆ ಜಾರ್ಜ್‌ಟೌನಿನ ತೀರ್ಪಿಗೆ ಕೆಲವೇ ತಿಂಗಳ ಮೊದಲು, ಸ್ಟೋರಿ ಸೇಲಂ ಎಂಬಲ್ಲಿ ಒಂದು ಭಾಷಣ ಮಾಡಿದ. ವಲಸಿಗರು ಆ ಊರಿಗೆ ಬಂದು ನೆಲೆಸಿದ್ದರ ಸ್ಮರಣೆಯ ಸಂದರ್ಭ. ಅದರಲ್ಲಿ ಆ ನೆಲದ ಮೂಲನಿವಾಸಿಗಳ ಕುರಿತ ಭಾಗವಿದೆ. ಬಿಳಿಯರು ಹತ್ತಿರ ಬಂದಂತೆ ಅವರು ಮಾಸಿಹೋಗುತ್ತಾರೆ. ಊರು ಬಿಟ್ಟು ಹೊರಡುವಾಗ ಒಮ್ಮೆ ತಿರುಗಿ ಬರಿದಾದ ಹಳ್ಳಿಯನ್ನು, ಹಿರಿಯರ ಗೋರಿಗಳನ್ನು ನೋಡುತ್ತಾರೆ. ಅಳುವುದಿಲ್ಲ, ಕೂಗುವುದಿಲ್ಲ. ಆ ಭಾಗ ಆ ಕಾಲದಲ್ಲಿ ಬಹಳ ಹೆಸರಾಗಿತ್ತು. ಇವತ್ತು ಓದಿದರೂ ಗಂಟಲು ಕಟ್ಟುತ್ತದೆ.

ಅದೇ ಲೇಖಕ, ಅದೇ ಪ್ರತಿಮೆ: ಹಿರಿಯರ ಗೋರಿ, ಬಿಟ್ಟು ಹೋಗಬೇಕಾದ ನೆಲ, ಕೊನೆಯ ನೋಟ. ಆದರೆ ಎರಡು ಗದ್ಯಗಳ ವ್ಯಾಕರಣ ಬೇರೆ. ಜಾರ್ಜ್‌ಟೌನಿನ ಗೋರಿಕಲ್ಲುಗಳನ್ನು ಕಿತ್ತವರು ಇದ್ದಾರೆ. ತೀರ್ಪಿನ ತಲೆಬರಹದಲ್ಲೇ ಪ್ರತಿವಾದಿಯ ಹೆಸರಿದೆ, ಅವನಿಗೆ ನಿಲ್ಲಿಸು ಎಂದು ಹೇಳಬಹುದು. ಸೇಲಂ ಭಾಷಣದಲ್ಲಿ ಗೋರಿಗಳನ್ನು ಬಿಡಿಸುತ್ತಿರುವವರು ಯಾರು? ಅಲ್ಲಿ ಸ್ಟೋರಿ ನಿಸರ್ಗದ ಹೆಸರು ಹೇಳುತ್ತಾನೆ. ತಮ್ಮ ಸ್ವಭಾವದ ನಿಯಮದಿಂದಲೇ ಅವರು ನಿಧಾನವಾಗಿ ಅಳಿಯುವಂತೆ ಕಾಣುತ್ತದೆ ಎಂಬುದು ಅವನ ಮಾತಿನ ಸಾರ. ನಿಸರ್ಗದ ಮೇಲೆ ದಾವೆ ಹೂಡಲು ಬರುವುದಿಲ್ಲ. ಪ್ರತಿವಾದಿಯೇ ಇಲ್ಲದ ಮೇಲೆ ತಡೆಯಾಜ್ಞೆ ಯಾರಿಗೆ? ಹಾಗಾಗಿ ಆ ದುಃಖಕ್ಕೆ ಉಳಿದದ್ದು ಶೋಕಗೀತೆಯ ದಾರಿ ಮಾತ್ರ.

ಇದು ಭಾಷಣದ ಅಲಂಕಾರ ಎಂದು ಬಿಡಬಹುದಿತ್ತು, 1823ರ 'ಜಾನ್ಸನ್ ವಿರುದ್ಧ ಮೆಕಿಂಟಾಶ್' ಎಂಬ ತೀರ್ಪು ಇರದಿದ್ದರೆ. ಇಲಿನಾಯ್ ಮತ್ತು ಪಿಯಾಂಕೆಷಾ ಜನರಿಂದ 1773 ಮತ್ತು 1775ರಲ್ಲಿ ಖಾಸಗಿಯವರು ಕೊಂಡ ಭೂಮಿಯ ವ್ಯಾಜ್ಯ ಅದು. ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಬರೆದ, ಯಾರ ಭಿನ್ನಮತವೂ ಇಲ್ಲದ ತೀರ್ಪು. ಸ್ಟೋರಿಯೂ ಆ ಪೀಠದಲ್ಲಿದ್ದ. ಮೂಲನಿವಾಸಿಗಳಿಗೆ ಇರುವುದು ನೆಲದಲ್ಲಿ ವಾಸಿಸುವ ಹಕ್ಕು ಮಾತ್ರ, ಅದರ ಪರಮ ಒಡೆತನ 'ಕಂಡುಹಿಡಿದ' ಯುರೋಪಿನ ರಾಜ್ಯದ್ದು, ಅದರ ಮೂಲಕ ಅಮೆರಿಕದ ಸರ್ಕಾರದ್ದು ಎಂದು ಅದು ಹೇಳಿತು. ತಲೆತಲಾಂತರದಿಂದ ಅಲ್ಲೇ ಬದುಕಿ, ಅಲ್ಲೇ ಸತ್ತು, ಅಲ್ಲೇ ಮಣ್ಣಾದವರಿಗೆ ಕಾಗದವಿಲ್ಲದ ಕಾರಣ ವಾಸದ ಹಕ್ಕು. ಐವತ್ತು ವರ್ಷ ಹೆಣ ಹೂಳಿದ ಜರ್ಮನ್ ವಲಸಿಗರಿಗೆ ಕಾಗದವಿಲ್ಲದಿದ್ದರೂ ಶಾಶ್ವತ ರಕ್ಷಣೆ.

ಕಾನೂನು ಓದಿದ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ, "ಎರಡೂ ಬೇರೆ ಬೇರೆ ಪ್ರಶ್ನೆಗಳು, ಹೀಗೆ ಹೋಲಿಸಲು ಬರುವುದಿಲ್ಲ" ಎಂದ. ಅವನು ಹೇಳುವುದು ನಿಜ. ಒಂದು ಖಾಸಗಿ ಸ್ವತ್ತಿನ ಮುಡಿಪು, ಇನ್ನೊಂದು ರಾಜ್ಯದ ಒಡೆತನದ ಪ್ರಶ್ನೆ. ಸ್ಟೋರಿಯ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1831ರಲ್ಲಿ ಚೆರೊಕಿ ಜನರ ದಾವೆಯನ್ನು ಕೋರ್ಟು ಕೈಗೆತ್ತಿಕೊಳ್ಳಲು ನಿರಾಕರಿಸಿದಾಗ, ಅವರ ಪರವಾಗಿ ಬಂದ ನ್ಯಾಯಮೂರ್ತಿ ಥಾಂಪ್ಸನ್ನನ ಭಿನ್ನ ತೀರ್ಪಿಗೆ ಸ್ಟೋರಿ ಸೇರಿಕೊಂಡ. ಮರುವರ್ಷ ವೂಸ್ಟರ್ ದಾವೆಯಲ್ಲಿ ಬಹುಮತವೇ ಚೆರೊಕಿಗಳ ಪರ ನಿಂತಿತು, ಸ್ಟೋರಿ ಅದರಲ್ಲೂ ಇದ್ದ. ಹಾಗಿದ್ದೂ 1838ರಲ್ಲಿ ಸೈನ್ಯ ಬಂದು ಅವರನ್ನು ಹೊರಡಿಸಿತು. ಗೋರಿಗಳು ಹಿಂದೆ ಉಳಿದವು.

ಆದರೆ ನಾನು ಇಲ್ಲಿ ತೀರ್ಪಿನ ಮೇಲ್ಮನವಿ ಬರೆಯುತ್ತಿಲ್ಲ. ನನ್ನ ಪ್ರಶ್ನೆ ಗದ್ಯದ ಬಗ್ಗೆ. ಒಂದೇ ಪ್ರತಿಮೆ ಒಂದು ಕಡೆ ಹಕ್ಕಾಗಿ, ಇನ್ನೊಂದು ಕಡೆ ಬರೀ ಕಣ್ಣೀರಾಗಿ ಕೆಲಸ ಮಾಡುವುದು ಹೇಗೆ? ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪ್ರತಿಮೆ ಎಷ್ಟು ತೀವ್ರವಾಗಿದೆ, ಎಷ್ಟು ತಟ್ಟುತ್ತದೆ ಎಂದು ಕೇಳಲು ಕಲಿತಿದ್ದೇವೆ. ಸ್ಟೋರಿಯ ಎರಡೂ ಗದ್ಯಗಳು ತಟ್ಟುತ್ತವೆ. ಆ ಅಳತೆಗೋಲಿನಿಂದ ಇವುಗಳ ನಡುವಿನ ವ್ಯತ್ಯಾಸ ಕಾಣುವುದೇ ಇಲ್ಲ. ಈ ನೋವನ್ನು ಯಾರು ಕೊಟ್ಟರು, ಅವರಿಗೆ ಲೇಖಕ ಏನು ಹೇಳುತ್ತಿದ್ದಾನೆ ಎಂದು ಕೇಳಿದಾಗ ಮಾತ್ರ ಕಾಣುತ್ತದೆ. ಕಳೆದುಹೋಗುತ್ತಿರುವವರ ಬಗ್ಗೆ ಮರುಗಿ ಬರೆದ ನಮ್ಮ ಕಥೆ ಕವಿತೆಗಳನ್ನೂ ಈ ಪ್ರಶ್ನೆ ಹಿಡಿದು ಓದಬೇಕು ಎಂದು ನನಗೆ ಅನ್ನಿಸತೊಡಗಿದೆ. ಮರುಕ ಸುಳ್ಳೆಂದಲ್ಲ. ಸ್ಟೋರಿಯ ಮರುಕವೂ ಸುಳ್ಳಾಗಿರಲಿಲ್ಲ.

*

ಇನ್ನು ನಮ್ಮೂರಿನ ಮಾತು. ನಮ್ಮ ಕೇರಿಯ ಹೆಣಗಳನ್ನು ಹೂಳುವುದು ಊರಾಚೆಯ ಹಳ್ಳದ ದಂಡೆಯ ಒಂದು ತುಂಡು ಹೊಲದಲ್ಲಿ. ಈಗಿನ ಯಜಮಾನರ ಅಜ್ಜ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಅದು. ಪಹಣಿಯಲ್ಲಿ ಇವತ್ತಿಗೂ ಅವರ ಮನೆಯ ಹೆಸರೇ ಇದೆ. ಸ್ಥಿರಾಸ್ತಿಯನ್ನು ದಾನ ಕೊಡಲು ನೋಂದಾಯಿತ ಪತ್ರ ಬೇಕು ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ನಿಯಮ. ಆ ಅಜ್ಜನಿಗೂ ನಮ್ಮವರಿಗೂ ಆ ಕಾಯ್ದೆ ಗೊತ್ತಿರಲಿಲ್ಲ. ಪಕ್ಕದಲ್ಲಿ ರಸ್ತೆ ಅಗಲವಾದ ಮೇಲೆ ಹೊಲವನ್ನು ನಿವೇಶನ ಮಾಡುವ ಮಾತು ಬಂತು. ಕಳೆದ ವರ್ಷ ಜೆಸಿಬಿ ಬಂದು ಒಂದು ಅಂಚನ್ನು ಸಮ ಮಾಡಿ ಹೋಯಿತು. ಅಲ್ಲಿದ್ದ ನಾಲ್ಕೈದು ಕಲ್ಲುಗಳಲ್ಲಿ ನಮ್ಮ ಅಜ್ಜಿಯದೂ ಒಂದು.

ಕಚೇರಿಗೆ ಹೋಗಿ ಬಂದ ಚಿಕ್ಕಪ್ಪ ಹೇಳಿದರು, "ಕಾಗದ ಏನೈತಿ ಅಂತ ಕೇಳಿದ್ರು. ಕಾಗದ ಇಲ್ರಿ, ಅಲ್ಲಿ ನಮ್ಮವ್ವ ಅದಾಳ ಅಂದೆ. ನಕ್ಕರು."

ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಓದೀದಿ, ಒಂದು ಅರ್ಜಿ ಬರಕೊಡು" ಎಂದರು. ರಾತ್ರಿ ಕೂತು ಬರೆದೆ. ಅಜ್ಜಿಯ ಮಣ್ಣು, ಹಳ್ಳದ ದಂಡೆಯ ಬೇವಿನ ಮರ, ಅಮಾವಾಸ್ಯೆಗೆ ಇಟ್ಟು ಬರುತ್ತಿದ್ದ ಎಡೆ ಎಲ್ಲವನ್ನೂ ಬರೆದೆ. ಬೆಳಿಗ್ಗೆ ಓದಿ ಹೇಳಿದಾಗ ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಛಲೋ ಬರದೀ. ಆದ್ರ ಇದು ಯಾರ ಮ್ಯಾಲಿನ ದೂರು ಅಂತ ಎಲ್ಲೂ ಇಲ್ಲಲ್ಲ?" ಎಂದರು.

ಎರಡನೇ ಸಲ ಬರೆದ ಅರ್ಜಿಯಲ್ಲಿ ಸರ್ವೆ ನಂಬರು ಇದೆ. ಕಲ್ಲು ಕಿತ್ತ ದಿನಾಂಕ ಇದೆ, ಜೆಸಿಬಿ ತರಿಸಿದವರ ಹೆಸರಿದೆ. ಕೇರಿಯ ಹಿರಿಯರನ್ನು ಕೂರಿಸಿಕೊಂಡು, ಅಲ್ಲಿ ಹೂಳಿರುವವರಲ್ಲಿ ನೆನಪಿಗೆ ಬಂದಷ್ಟು ಮಂದಿಯ ಹೆಸರನ್ನು ಪಟ್ಟಿ ಮಾಡಿ ಲಗತ್ತಿಸಿದ್ದೇವೆ. ಬೇವಿನ ಮರವನ್ನು ಬಿಡಲಿಲ್ಲ. ಈಗ ಅದು ಮೂಡಣ ಎಲ್ಲೆಯಾಗಿ ಬರುತ್ತದೆ. ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ.